ಹಳೆಯ ಕಾರಿನ ಒಡೆತನ: ಹವ್ಯಾಸದ ಹಿಂದಿರುವ ಕಸುಬು ಮತ್ತು ವಹಿವಾಟು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಗೆ ನಮ್ಮ ಕಾಲದವರು ಮೂರನೆಯದೊಂದನ್ನು ಸೇರಿಸಿಕೊಳ್ಳಬಹುದು: ಹಳೆಯ ಕಾರು ಇಟ್ಟುಕೊಂಡು ನೋಡು. ತಂದೆಯ ಕಾಲದ ಫಿಯೆಟ್ಟನ್ನೋ ಅಂಬಾಸಿಡರನ್ನೋ ಮಾರಲು ಮನಸ್ಸಾಗದೆ ಉಳಿಸಿಕೊಂಡವರು ನಮ್ಮ ಸದಸ್ಯರಲ್ಲಿಯೇ ಅನೇಕರಿದ್ದಾರೆ. ಭಾನುವಾರ ಬೆಳಿಗ್ಗೆ ಅದನ್ನು ಹೊರತೆಗೆದು ತೊಳೆದು, ಲಾಲ್‌ಬಾಗಿನ ಕಡೆಗೋ ಚಾಮುಂಡಿ ಬೆಟ್ಟದ ಕಡೆಗೋ ಒಂದು ಸುತ್ತು ಹೋಗಿಬರುವ ಸಂತೋಷ ಲೆಕ್ಕಪುಸ್ತಕದಲ್ಲಿ ಜಮೆಯಾಗುವಂಥದ್ದಲ್ಲ. ಆದರೆ ಖರ್ಚಿನ ಅಂಕಣದಲ್ಲಿ ಅದರ ಹೆಸರು ತಪ್ಪದೆ ಕಾಣಿಸಿಕೊಳ್ಳುತ್ತದೆ.

ಈ ಖರ್ಚು ಯಾರ ಕೈ ಸೇರುತ್ತದೆ ಎಂಬುದು ವಾಣಿಜ್ಯ ಪತ್ರಿಕೆಯೊಂದರ ಓದುಗರಿಗೆ ಆಸಕ್ತಿಯ ವಿಷಯ. ಹಳೆಯ ಕಾರೊಂದು ಓಡುತ್ತಿದೆಯೆಂದರೆ ಅದರ ಹಿಂದೆ ಒಬ್ಬ ಮೆಕ್ಯಾನಿಕ್, ಒಬ್ಬ ಟಿಂಕರಿಂಗ್ ಕೆಲಸಗಾರ, ಬೋರಿಂಗ್ ಮಾಡುವ ಲೇತ್ ಯಂತ್ರದವನು, ರೇಡಿಯೇಟರ್ ಬೆಸುಗೆಯವನು, ಕುಶನ್ ಹೊಲಿಯುವವನು, ಬಿಡಿಭಾಗಗಳ ಅಂಗಡಿಯವನು ಇದ್ದೇ ಇರುತ್ತಾರೆ. ಇವರಲ್ಲಿ ಒಬ್ಬರು ಕೈಬಿಟ್ಟರೂ ಕಾರು ನಿಲ್ಲುತ್ತದೆ. ಈ ಸರಪಳಿಯ ಕೊಂಡಿಗಳು ಒಂದೊಂದಾಗಿ ಸಡಿಲವಾಗುತ್ತಿರುವ ಹೊತ್ತಿನಲ್ಲಿ, ಒಡೆಯನ ಕರ್ತವ್ಯವೇನು, ಉದ್ಯಮಿಯ ಅವಕಾಶವೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಾವುದು ಹವ್ಯಾಸಿಯ ಕಾರು?

ಹಳೆಯ ಕಾರು ಎಂದೊಡನೆ ಅರಮನೆಯ ರೋಲ್ಸ್ ರಾಯ್ಸ್ ನೆನಪಿಗೆ ಬರುವುದು ಸಹಜ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬೆಳೆಸಿರುವ ಕಾರುಗಳ ಸಂಗ್ರಹವನ್ನಾಗಲಿ, ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ವಸ್ತುಸಂಗ್ರಹಾಲಯವನ್ನಾಗಲಿ ಕಂಡವರಿಗೆ ಆ ವೈಭವದ ಪರಿಚಯವಿರುತ್ತದೆ. ಆದರೆ ಸಾಮಾನ್ಯ ಹವ್ಯಾಸಿಯ ಮನೆಯ ಮುಂದೆ ನಿಂತಿರುವುದು ಅಂತಹ ಕಾರಲ್ಲ. ಅದು ಬೊಂಬಾಯಿಯ ಕುರ್ಲಾದಲ್ಲಿ ತಯಾರಾದ ಫಿಯೆಟ್ 1100 ಅಥವಾ ಅದರ ಉತ್ತರಾಧಿಕಾರಿ ಪ್ರೀಮಿಯರ್ ಪದ್ಮಿನಿ. ಕಲ್ಕತ್ತೆಯ ಬಳಿಯ ಉತ್ತರಪಾರದ ಅಂಬಾಸಿಡರ್ ಅಥವಾ ಕಾಂಟೆಸ್ಸಾ. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಇಲ್ಲವೇ ಮೊದಲ ತಲೆಮಾರಿನ ಮಾರುತಿ 800, ಜಿಪ್ಸಿ. ಬೆಂಗಳೂರಿನವರಿಗೆ ಇನ್ನೊಂದು ಹೆಸರೂ ಆತ್ಮೀಯವಾದುದು. 1980ರ ದಶಕದಲ್ಲಿ ಇಲ್ಲಿನ ಸಿಪಾನಿ ಆಟೋಮೊಬೈಲ್ಸ್ ಸಂಸ್ಥೆ ಬ್ರಿಟನ್ನಿನ ರಿಲಯಂಟ್ ಕಾರನ್ನು ಆಧರಿಸಿ, ಫೈಬರ್ ಮೈಯ ‘ಡಾಲ್ಫಿನ್’ ಎಂಬ ಪುಟ್ಟ ಕಾರನ್ನು ತಯಾರಿಸಿತ್ತು.

ಈ ಕಾರುಗಳೆಲ್ಲ ಇಂದು ತಯಾರಿಕೆಯಲ್ಲಿಲ್ಲ. ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಆರಂಭದ ಹೊತ್ತಿಗೆ ನಿಂತಿತು. ಕಾಂಟೆಸ್ಸಾ 2002ರಲ್ಲಿ ಕೊನೆಗೊಂಡಿತು. ಮಾರುತಿ 800 ಮತ್ತು ಅಂಬಾಸಿಡರ್ ಎರಡೂ 2014ರಲ್ಲಿ ವಿದಾಯ ಹೇಳಿದವು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಸಹ 2023ರ ಅಕ್ಟೋಬರ್ ಅಂತ್ಯಕ್ಕೆ ರಸ್ತೆಯಿಂದ ಮರೆಯಾದವು. ಟ್ಯಾಕ್ಸಿಗಳ ನಿರ್ಗಮನಕ್ಕೆ ವ್ಯಾಪಾರದ ದೃಷ್ಟಿಯಿಂದ ವಿಶೇಷ ಅರ್ಥವಿದೆ. ಟ್ಯಾಕ್ಸಿ ನಿತ್ಯ ಓಡುವ ವಾಹನ. ಅದರ ಬಿಡಿಭಾಗಗಳಿಗೆ ನಿತ್ಯ ಬೇಡಿಕೆಯಿರುತ್ತದೆ. ಆ ಬೇಡಿಕೆಯ ನೆರಳಿನಲ್ಲಿ ಹವ್ಯಾಸಿಗೂ ಅಗ್ಗವಾಗಿ ಸಾಮಾನು ಸಿಗುತ್ತಿತ್ತು. ನೆರಳು ಕೊಟ್ಟ ಮರವೇ ಬಿದ್ದ ಮೇಲೆ ಹವ್ಯಾಸಿ ತನ್ನ ವ್ಯವಸ್ಥೆಯನ್ನು ತಾನೇ ಮಾಡಿಕೊಳ್ಳಬೇಕಾಗಿದೆ.

ನಿತ್ಯ ನಿರ್ವಹಣೆಯ ಪಾಠ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಹಳೆಯ ಕಾರಿನ ಮಟ್ಟಿಗೆ ಈ ಮಾತು ಅಕ್ಷರಶಃ ಸತ್ಯ. ಓಡಿ ಸವೆದ ಕಾರಿಗಿಂತ ನಿಂತು ಕೆಟ್ಟ ಕಾರಿನ ದುರಸ್ತಿಯೇ ದುಬಾರಿ. ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಬ್ರೇಕಿನ ಸಿಲಿಂಡರುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ, ಟಯರಿನ ಒಂದೇ ಭಾಗ ಭಾರ ಹೊತ್ತು ಚಪ್ಪಟೆಯಾಗುತ್ತದೆ, ಇಲಿಗಳು ವೈರಿಂಗ್ ಕಡಿಯುತ್ತವೆ. ವಾರಕ್ಕೊಮ್ಮೆಯಾದರೂ ಎಂಜಿನ್ನು ಪೂರ್ಣ ಬಿಸಿಯಾಗುವವರೆಗೆ, ಅಂದರೆ ಅರ್ಧ ಗಂಟೆಯಷ್ಟು ಹೊತ್ತು, ಕಾರನ್ನು ರಸ್ತೆಯಲ್ಲಿ ಓಡಿಸುವುದು ಅತ್ಯುತ್ತಮ ಔಷಧ. ನಿಂತಲ್ಲಿಯೇ ಐದು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಸೈಲೆನ್ಸರಿನಲ್ಲಿ, ಎಣ್ಣೆಯಲ್ಲಿ ನೀರಿನ ಪಸೆ ಉಳಿದುಹೋಗುತ್ತದೆ.

ಇಂದಿನ ಕಾರುಗಳು ನಮಗೆ ಒಂದು ಮರೆವನ್ನು ಕಲಿಸಿವೆ. ವರ್ಷಕ್ಕೊಮ್ಮೆ ಸರ್ವಿಸಿಗೆ ಬಿಟ್ಟು ಬಂದರೆ ಸಾಕು, ಉಳಿದ ದಿನ ಬಾನೆಟ್ ಎತ್ತುವ ಅಗತ್ಯವೇ ಇಲ್ಲ ಎಂಬ ಭಾವನೆ ಬೆಳೆದಿದೆ. ಪದ್ಮಿನಿಯ 1089 ಸಿ.ಸಿ. ಎಂಜಿನ್ನು ಈ ಮರೆವನ್ನು ಕ್ಷಮಿಸುವುದಿಲ್ಲ. ಅದರ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಓಡಿದಷ್ಟೂ ಸುಟ್ಟು ಸವೆಯುತ್ತವೆ. ಅವುಗಳ ನಡುವಿನ ಅಂತರವನ್ನು ಫೀಲರ್ ಗೇಜ್ ಇಟ್ಟು ಆಗಾಗ ಸರಿಪಡಿಸಬೇಕು. ಕಂಡೆನ್ಸರ್ ಒಂದನ್ನು ಸದಾ ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕು. ಟ್ಯಾಪೆಟ್ ಸದ್ದು ಹೆಚ್ಚಾದರೆ ಸೆಟ್ಟಿಂಗ್ ಮಾಡಿಸಬೇಕು. ಮುಂದಿನ ಚಕ್ರಗಳ ಕಿಂಗ್‌ಪಿನ್ನುಗಳಿಗೆ ಗ್ರೀಸ್ ತುಂಬುವುದನ್ನು ತಪ್ಪಿಸಿದರೆ ಸ್ಟೀರಿಂಗ್ ಭಾರವಾಗುವುದಲ್ಲದೆ, ಕಿಂಗ್‌ಪಿನ್ ಬದಲಾಯಿಸುವ ದೊಡ್ಡ ಕೆಲಸ ಎದುರಾಗುತ್ತದೆ. ಒಂದು ಗ್ರೀಸ್ ಗನ್ ಮತ್ತು ಭಾನುವಾರದ ಒಂದು ಗಂಟೆ ಇದನ್ನು ತಡೆಯುತ್ತವೆ.

ಎಂಜಿನ್ ಎಣ್ಣೆಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಹೊಸ ಕಾರಿಗೆ ಹಾಕುವ ತೆಳುವಾದ, ದುಬಾರಿ ಸಿಂಥೆಟಿಕ್ ಎಣ್ಣೆ ಹಳೆಯ ಎಂಜಿನ್ನಿಗೆ ಹಿತವಲ್ಲ. ಹಳೆಯ ಸೀಲುಗಳ ಮೂಲಕ ಅದು ಸೋರುತ್ತದೆ, ಸವೆದ ಬೇರಿಂಗಿನಲ್ಲಿ ಒತ್ತಡ ಇಳಿಯುತ್ತದೆ. ಇಂತಹ ಎಂಜಿನ್ನುಗಳಿಗೆ 20ಡಬ್ಲ್ಯೂ-50 ದರ್ಜೆಯ ಖನಿಜ ಎಣ್ಣೆ ರೂಢಿಯ ಆಯ್ಕೆ. ಕಡಿಮೆ ಓಡಿದರೂ ಅವಧಿ ನೋಡಿ ಎಣ್ಣೆ ಬದಲಾಯಿಸುವುದು ಒಳಿತು.

ಬ್ರೇಕಿನ ವಿಷಯದಲ್ಲಂತೂ ಉಳಿತಾಯದ ಮಾತೇ ಸಲ್ಲದು. ಹಳೆಯ ಮಾದರಿಗಳಲ್ಲಿ ಬಹುಪಾಲು ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು, ಒಂದೇ ಎಣ್ಣೆಯ ಮಾರ್ಗ. ಒಂದು ಚಕ್ರದ ಸಿಲಿಂಡರ್ ಸೋರಿದರೆ ನಾಲ್ಕರ ಬ್ರೇಕೂ ಹೋದಂತೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ಹಾಗೆಯೇ ಟಯರಿನ ಪಕ್ಕೆಯ ಮೇಲಿರುವ ನಾಲ್ಕು ಅಂಕಿಗಳನ್ನು ಓದಲು ಕಲಿಯಬೇಕು. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟಯರು ಎಂದರ್ಥ. ಗೀಟುಗಳು ಹೊಸದರಂತೆ ಕಂಡರೂ ವಯಸ್ಸಾದ ರಬ್ಬರು ಹೆದ್ದಾರಿಯ ವೇಗಕ್ಕೆ ಯೋಗ್ಯವಲ್ಲ.

ಊರಿಗೊಂದು ನೀರು, ಊರಿಗೊಂದು ಹವೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಕಾರಿನ ಶತ್ರು ಉಪ್ಪುಗಾಳಿ ಮತ್ತು ಮಳೆ. ಅಲ್ಲಿ ಮಳೆಗಾಲಕ್ಕೆ ಮುಂಚೆ ಷಾಸಿ, ಬಾಗಿಲಿನ ಕೆಳ ಅಂಚು, ನೆಲಹಾಸಿನ ಅಡಿಗಳನ್ನು ತುಕ್ಕುನಿರೋಧಕ ಲೇಪನದಿಂದ ರಕ್ಷಿಸಬೇಕು. ಬಳ್ಳಾರಿ, ಕಲಬುರಗಿ, ರಾಯಚೂರುಗಳಲ್ಲಿ ಲೋಹ ಚೆನ್ನಾಗಿಯೇ ಉಳಿಯುತ್ತದೆ, ಆದರೆ ಬಿಸಿಲಿಗೆ ರಬ್ಬರ್ ಬೀಡಿಂಗು, ಹೋಸುಗಳು ಬಿರಿಯುತ್ತವೆ. ರೇಡಿಯೇಟರ್ ಶುದ್ಧಿಗೆ ಅಲ್ಲಿ ಮೊದಲ ಗಮನ. ಬೆಂಗಳೂರಿನ ಹವೆ ಕಾರಿಗೆ ಹಿತ, ಸಂಚಾರದಟ್ಟಣೆ ಅಹಿತ. ನಿಂತು ನಿಂತು ಸಾಗುವ ರಸ್ತೆಯಲ್ಲಿ ಹಳೆಯ ಕಾರು ಬಿಸಿಯಾಗುತ್ತದೆ, ಕ್ಲಚ್ ಬೇಗ ಸವೆಯುತ್ತದೆ.

ಪೆಟ್ರೋಲು ಬದಲಾದಾಗ

ಹಳೆಯ ಕಾರು ತಾನು ಬದಲಾಗದಿದ್ದರೂ ಅದು ಕುಡಿಯುವ ಪೆಟ್ರೋಲು ಎರಡು ಬಾರಿ ಬದಲಾಗಿದೆ. ಮೊದಲನೆಯದು 2000ನೇ ಇಸವಿಯಲ್ಲಿ ಸೀಸಸಹಿತ ಪೆಟ್ರೋಲು ದೇಶದಾದ್ಯಂತ ನಿಂತಾಗ. ಸೀಸವು ಎಂಜಿನ್ನಿನ ಎಕ್ಸಾಸ್ಟ್ ವಾಲ್ವುಗಳ ಪೀಠಕ್ಕೆ ಒಂದು ಬಗೆಯ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಅದಿಲ್ಲದೆ ಮೆದು ಪೀಠಗಳು ಸವೆಯತೊಡಗಿದವು. ಎಂಜಿನ್ ಹೆಡ್ ಬಿಚ್ಚಿದ ಸಂದರ್ಭದಲ್ಲಿ ಗಡಸು ಲೋಹದ ಪೀಠಗಳನ್ನು ಕೂರಿಸುವುದು ಇದಕ್ಕೆ ಪರಿಹಾರವಾಯಿತು. ಬೋರಿಂಗ್ ವರ್ಕ್‌ಶಾಪುಗಳಿಗೆ ಇದರಿಂದ ಕೆಲಸವೂ ದೊರೆಯಿತು.

ಎರಡನೆಯ ಬದಲಾವಣೆ ಎಥೆನಾಲಿನದು. ಶೇ. 20ರಷ್ಟು ಎಥೆನಾಲ್ ಬೆರೆತ ಇ-20 ಪೆಟ್ರೋಲನ್ನು ಪ್ರಧಾನಮಂತ್ರಿಗಳು 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು. 2025ರಲ್ಲಿ ದೇಶ ಆ ಪ್ರಮಾಣದ ಗುರಿಯನ್ನು ಮುಟ್ಟಿತು. ಕಬ್ಬು ಬೆಳೆಗಾರರಿಗೂ, ಬೆಳಗಾವಿ, ಬಾಗಲಕೋಟೆ, ಮಂಡ್ಯದ ಸಕ್ಕರೆ ಉದ್ದಿಮೆಗೂ ಇದರಿಂದ ಆಗಿರುವ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ವಿದೇಶಿ ವಿನಿಮಯದ ಉಳಿತಾಯವೂ ಇದೆ. ಆದರೆ ಹಳೆಯ ಕಾರಿನ ಒಡೆಯ ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಇಂಧನಕ್ಷಮತೆಯ ಇಳಿಕೆಯ ಬಗ್ಗೆ ಬಹಳ ಚರ್ಚೆಯಾಗಿದೆ. ಎಥೆನಾಲಿಗೆಂದು ವಿನ್ಯಾಸಗೊಳ್ಳದೆ, ಶೇ. 10ರ ಮಿಶ್ರಣಕ್ಕೆ ಹೊಂದಿಸಲಾದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 6ರಿಂದ 7ರಷ್ಟು ಇಳಿಕೆಯಾಗಬಹುದೆಂದು ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ತಜ್ಞರ ವರದಿ ಅಂದಾಜಿಸಿತ್ತು. ಇದನ್ನು ಹವ್ಯಾಸಿಯ ಲೆಕ್ಕಕ್ಕೆ ಇಳಿಸಿ ನೋಡೋಣ. ವರ್ಷಕ್ಕೆ 3,000 ಕಿ.ಮೀ. ಓಡುವ ಕಾರು ಲೀಟರಿಗೆ 12 ಕಿ.ಮೀ. ಕೊಡುತ್ತದೆಂದು ಇಟ್ಟುಕೊಂಡರೆ 250 ಲೀಟರು ಬೇಕು. ಶೇ. 7ರಷ್ಟು ಇಳಿಕೆಯಾದರೆ ಇನ್ನು 19 ಲೀಟರು ಹೆಚ್ಚು. ಲೀಟರಿಗೆ ನೂರು ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,900 ರೂಪಾಯಿ. ಇದು ನಗಣ್ಯವಲ್ಲ, ಆದರೆ ಕಾರು ಮಾರುವಷ್ಟು ದೊಡ್ಡ ಮೊತ್ತವೂ ಅಲ್ಲ.

ನಿಜವಾದ ಅಪಾಯ ಇರುವುದು ರಬ್ಬರಿನಲ್ಲಿ. ಎಥೆನಾಲ್ ಹಳೆಯ ಬಗೆಯ ರಬ್ಬರ್ ಹೋಸು, ಪೆಟ್ರೋಲ್ ಪಂಪಿನ ಡಯಾಫ್ರಾಮು, ಕಾರ್ಬುರೇಟರಿನ ಸೀಲುಗಳನ್ನು ಉಬ್ಬಿಸಿ ಮೆದುವಾಗಿಸುತ್ತದೆ. ಸೋರಿದ ಪೆಟ್ರೋಲು ಬಿಸಿಯಾದ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳಲು ಕ್ಷಣ ಸಾಕು. ಆದುದರಿಂದ ಎಥೆನಾಲ್ ತಾಳಿಕೊಳ್ಳುವ ಹೋಸುಗಳನ್ನು ಹಾಕಿಸುವುದು ಮೊದಲ ಕೆಲಸವಾಗಬೇಕು. ಇದಕ್ಕೆ ತಗಲುವ ವೆಚ್ಚ ಅಲ್ಪ, ತಪ್ಪುವ ಅನಾಹುತ ದೊಡ್ಡದು. ಎರಡನೆಯದಾಗಿ, ಎಥೆನಾಲ್ ಟ್ಯಾಂಕಿನೊಳಗಿನ ಹಳೆಯ ಜಿಡ್ಡನ್ನು ಕರಗಿಸಿ ಕಾರ್ಬುರೇಟರಿನ ಜೆಟ್ಟಿಗೆ ತರುತ್ತದೆ. ಆರಂಭದ ತಿಂಗಳುಗಳಲ್ಲಿ ಫಿಲ್ಟರನ್ನು ಮತ್ತೆ ಮತ್ತೆ ಬದಲಾಯಿಸಬೇಕಾಗುತ್ತದೆ. ಮೂರನೆಯದಾಗಿ, ಅದು ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರು ಮತ್ತು ಎಥೆನಾಲ್ ಬೇರೆಯಾಗಿ ಟ್ಯಾಂಕಿನ ತಳ ಸೇರಿ ತುಕ್ಕಿಗೆ ದಾರಿಯಾಗುತ್ತದೆ. ನಿಲ್ಲಿಸಲೇಬೇಕಾದರೆ ಟ್ಯಾಂಕಿನಲ್ಲಿ ಗಾಳಿಗೆ ಎಡೆಯಿಲ್ಲದಂತೆ ಪೂರ್ತಿ ತುಂಬಿಸಿಡುವುದು ಅಥವಾ ಪೂರ್ತಿ ಖಾಲಿ ಮಾಡುವುದು ವಾಸಿ.

ಕಾಗದಪತ್ರ, ಶುಲ್ಕ, ವಿಮೆ

ಖಾಸಗಿ ಕಾರಿನ ನೋಂದಣಿ 15 ವರ್ಷದವರೆಗೆ ಊರ್ಜಿತವಿದ್ದು, ಅನಂತರ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಈ ನವೀಕರಣದ ಕೇಂದ್ರ ಶುಲ್ಕ ಕಾರಿಗೆ 600 ರೂಪಾಯಿ ಇದ್ದುದು 2022ರ ಏಪ್ರಿಲ್ 1ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟಿನ ಅಧಿಸೂಚನೆ 20 ವರ್ಷ ಮೀರಿದ ಕಾರುಗಳಿಗೆ ಅದನ್ನು 10,000 ರೂಪಾಯಿಗೆ ಹೆಚ್ಚಿಸಿತು. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,000 ರೂಪಾಯಿ. ಇದಕ್ಕೆ ರಾಜ್ಯದ ಹಸಿರು ತೆರಿಗೆಯೂ ಸೇರುತ್ತದೆ. ವಯಸ್ಸೊಂದನ್ನೇ ಆಧರಿಸಿ ಖಾಸಗಿ ಕಾರನ್ನು ನಿಷೇಧಿಸುವ ನಿಯಮ ಕರ್ನಾಟಕದಲ್ಲಿಲ್ಲ. ಆದರೆ ಕಾರು ತಪಾಸಣೆಯಲ್ಲಿ ಉತ್ತೀರ್ಣವಾಗಬೇಕು. ಬಿ.ಎಸ್.-2 ಪೂರ್ವದ ಪೆಟ್ರೋಲ್ ಕಾರುಗಳ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3ನ್ನು ಮೀರಬಾರದು. ಕಾರ್ಬುರೇಟರ್ ಮತ್ತು ಇಗ್ನಿಷನ್ ಸರಿಯಾಗಿ ಟ್ಯೂನ್ ಆಗಿದ್ದರೆ ಈ ಮಿತಿಯೊಳಗೆ ಬರುವುದು ಕಷ್ಟವಲ್ಲ. ಪರೀಕ್ಷೆಗೆ ಮುನ್ನ ಮೆಕ್ಯಾನಿಕನ ಬಳಿ ಹೋಗುವುದೇ ಜಾಣತನ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಜಾರಿಗೆ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಹತ್ತು ವರ್ಷದ ಅವಧಿ. ಕೇಳಲು ಆಕರ್ಷಕವಾದ ಈ ವ್ಯವಸ್ಥೆಯಲ್ಲಿ ಒಂದು ಕಟ್ಟುಪಾಡಿದೆ. ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಮತ್ತು ದುರಸ್ತಿಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಎಂದರೆ, 1970ರ ಫಿಯೆಟ್ಟಿನಲ್ಲಿ ದಿನವೂ ಕಚೇರಿಗೆ ಹೋಗುವವರಿಗೆ ಅಥವಾ ಮಗಳನ್ನು ಸಂಗೀತದ ಪಾಠಕ್ಕೆ ಬಿಟ್ಟುಬರುವವರಿಗೆ ಅದು ಹೊಂದುವುದಿಲ್ಲ. ಅವರು ಸಾಮಾನ್ಯ ನೋಂದಣಿಯಲ್ಲಿಯೇ ಮುಂದುವರಿಯುವುದು ಲೇಸು.

ಮಾರ್ಪಾಡಿನ ಬಗ್ಗೆಯೂ ಒಂದು ಮಾತು. ಮೋಟಾರು ವಾಹನ ಕಾಯಿದೆಯ 52ನೇ ಪ್ರಕರಣದಂತೆ ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಎಂಜಿನ್ ಬದಲಿಸಿದರೆ ಅನುಮತಿ ಪಡೆದು ನೋಂದಣಿ ಪುಸ್ತಕದಲ್ಲಿ ದಾಖಲಿಸಬೇಕು. ದಾಖಲಿಸದ ಎಂಜಿನ್ನಿರುವ ಕಾರನ್ನು ಕೊಂಡವರು ನವೀಕರಣದ ದಿನ ಪರದಾಡಬೇಕಾಗುತ್ತದೆ. ಕೊಳ್ಳುವ ಮೊದಲು ಎಂಜಿನ್ ಮತ್ತು ಷಾಸಿ ಸಂಖ್ಯೆಗಳನ್ನು ಪುಸ್ತಕದೊಂದಿಗೆ ಕಣ್ಣಾರೆ ತಾಳೆ ನೋಡುವುದು ಅತ್ಯವಶ್ಯ.

ವಿಮೆಯಲ್ಲಿ ಐದು ವರ್ಷ ಮೀರಿದ ವಾಹನದ ಮೌಲ್ಯವನ್ನು ವಿಮಾ ಕಂಪನಿ ಮತ್ತು ಒಡೆಯ ಪರಸ್ಪರ ಒಪ್ಪಿ ನಿರ್ಧರಿಸಬೇಕಾಗುತ್ತದೆ. ಹೀಗಿರುವಾಗ ದುರಸ್ತಿಯ ಬಿಲ್ಲುಗಳು, ಕಾರಿನ ಛಾಯಾಚಿತ್ರಗಳು, ಮೌಲ್ಯಮಾಪಕರ ಪತ್ರ ಇವುಗಳನ್ನು ಒಂದು ಕಡತದಲ್ಲಿ ಜೋಡಿಸಿಟ್ಟವರ ಮಾತಿಗೆ ತೂಕವಿರುತ್ತದೆ. ಬಿಲ್ಲಿಲ್ಲದೆ ಕೆಲಸ ಮಾಡಿಸಿ ಹತ್ತಿಪ್ಪತ್ತು ರೂಪಾಯಿ ಉಳಿಸಿದವರು ಅಪಘಾತದ ದಿನ ಅದಕ್ಕಿಂತ ಬಹಳ ಕಳೆದುಕೊಳ್ಳುತ್ತಾರೆ.

ಬಿಡಿಭಾಗಗಳ ಪೇಟೆ

ಹಳೆಯ ಕಾರಿನ ಒಡೆಯನನ್ನು ಕಾಡುವುದು ಹಣಕ್ಕಿಂತ ಹೆಚ್ಚಾಗಿ ಕಾಯುವಿಕೆ. ನೂರು ರೂಪಾಯಿಯ ರಬ್ಬರ್ ಬುಷ್ ಒಂದು ಸಿಗದೆ ಕಾರು ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಂತದ್ದುಂಟು. ಬೆಂಗಳೂರಿನಲ್ಲಿ ಇಂತಹ ಹುಡುಕಾಟ ಜೆ.ಸಿ. ರಸ್ತೆಯಲ್ಲಿ ಆರಂಭವಾಗಿ, ಶಿವಾಜಿನಗರದ ಗುಜರಿಯವರೆಗೆ ಸಾಗುತ್ತದೆ. ಅಲ್ಲಿಯೂ ದೊರೆಯದಿದ್ದರೆ ಚೆನ್ನೈಯ ಪುದುಪೇಟೆ, ದೆಹಲಿಯ ಕಾಶ್ಮೀರಿ ಗೇಟ್, ಕೋಲ್ಕತ್ತದ ಮಲ್ಲಿಕ್ ಬಜಾರ್‌ಗಳಿಗೆ ವಿಚಾರಣೆ ಹೋಗುತ್ತದೆ.

ಅನುಭವಿ ಅಂಗಡಿಯವನ ಬೆಲೆ ಇಲ್ಲಿ ತಿಳಿಯುತ್ತದೆ. ಹೊಸಬ ‘ಆ ಕಾರಿನ ಸಾಮಾನು ಬರುವುದಿಲ್ಲ’ ಎಂದು ಕೈಯಾಡಿಸಿದರೆ, ಅನುಭವಿ ಹಳೆಯ ಭಾಗವನ್ನು ಕೈಗೆತ್ತಿಕೊಂಡು ಅಳತೆ ತೆಗೆಯುತ್ತಾನೆ. ಬೇರಿಂಗಿಗೆ ಕಾರಿನ ಹೆಸರು ಬೇಕಿಲ್ಲ, ಸಂಖ್ಯೆ ಸಾಕು. 6203 ಎಂದರೆ ಒಳವ್ಯಾಸ 17, ಹೊರವ್ಯಾಸ 40, ಅಗಲ 12 ಮಿ.ಮೀ.; ಯಾವ ಕಂಪನಿಯದಾದರೂ ಅಳತೆ ಅದೇ. ಆಯಿಲ್ ಸೀಲಿನದೂ ಇದೇ ಕತೆ. ಎಸ್.ಜೆ.ಪಿ. ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ನಿಮಿಷದಲ್ಲಿ ಸಿಗುವ ವಸ್ತುವನ್ನು ಕಾರಿನ ಹೆಸರು ಹೇಳಿ ವರ್ಷವಿಡೀ ಹುಡುಕಿದವರೂ ಇದ್ದಾರೆ. ಸ್ಪಾರ್ಕ್ ಪ್ಲಗ್ಗಿಗೆ ನಮ್ಮೂರಿನವರಿಗೆ ಇಂದಿಗೂ ‘ಮೈಕೊ’ ಎಂಬುದೇ ಹೆಸರು. 1951ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ಮಾತು ಬದಲಾಗಿಲ್ಲ.

ತೊಡಕಿರುವುದು ಅಳತೆಯಿಂದ ಸಿಗದ ವಸ್ತುಗಳಲ್ಲಿ: ಗಾಜಿನ ಸುತ್ತಲಿನ ಬೀಡಿಂಗು, ಬಾಗಿಲ ಹಿಡಿ, ದೀಪದ ಗಾಜು, ಸಸ್ಪೆನ್ಷನ್ ಬುಷ್, ಮೀಟರಿನ ಒಳಭಾಗ. ಇವನ್ನು ಹೊಸದಾಗಿ ತಯಾರಿಸಲೇಬೇಕು. ಕಾನೂನಿನ ಅಡ್ಡಿಯಿದೆಯೇ ಎಂಬ ಅಳುಕು ಅನೇಕ ಸಣ್ಣ ಉದ್ಯಮಿಗಳಿಗಿದೆ. 2000ದ ವಿನ್ಯಾಸಗಳ ಕಾಯಿದೆಯಂತೆ ನೋಂದಾಯಿತ ವಿನ್ಯಾಸಕ್ಕೆ ಗರಿಷ್ಠ 15 ವರ್ಷ ರಕ್ಷಣೆ. ಪೇಟೆಂಟಿಗೆ 20 ವರ್ಷ. ಮೂವತ್ತು-ನಲವತ್ತು ವರ್ಷದ ಹಿಂದಿನ ಕಾರಿನ ಮೂಲ ಭಾಗಗಳಿಗೆ ಈ ಅವಧಿ ಮುಗಿದುಹೋಗಿದೆ. ವ್ಯಾಪಾರಮುದ್ರೆಯ ವಿಷಯ ಮಾತ್ರ ಬೇರೆ. ಇಂಥ ಕಾರಿಗೆ ಹೊಂದುತ್ತದೆ ಎಂದು ಸೂಚಿಸಲು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ ಅವಕಾಶ ಕೊಡುತ್ತದೆ. ಆದರೆ ಕಂಪನಿಯ ಮುದ್ರೆಯನ್ನೇ ಒತ್ತಿ ಅಸಲಿ ಮಾಲೆಂದು ಮಾರುವುದು ಅಪರಾಧ. ಟಯರು, ಸುರಕ್ಷಾ ಗಾಜುಗಳಂತಹ ವಸ್ತುಗಳಿಗೆ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯವೆಂಬುದನ್ನೂ ಮರೆಯಬಾರದು.

ತೆರಿಗೆಯ ಪರಿಸ್ಥಿತಿಯೂ ಸುಧಾರಿಸಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಏಕರೂಪವಾಗಿ ಶೇ. 18ಕ್ಕೆ ನಿಂತಿತು, ಅದಕ್ಕೆ ಮೊದಲು ಹಲವು ಭಾಗಗಳಿಗೆ ಶೇ. 28 ಇತ್ತು. ನೋಂದಾಯಿತ ವ್ಯಾಪಾರಿಗಳು ಹಳೆಯ ಕಾರು ಮಾರಿದಾಗ ಶೇ. 18ರ ತೆರಿಗೆ ಬೀಳುವುದು ಲಾಭದ ಅಂತರದ ಮೇಲೆಯೇ ಹೊರತು ಪೂರ್ಣ ಬೆಲೆಯ ಮೇಲಲ್ಲ.

ಕೈಕಸುಬಿನ ಮುಂದಿನ ತಲೆಮಾರು

ಸಾಮಾನು ಸಿಕ್ಕಿತು ಎನ್ನೋಣ, ಜೋಡಿಸುವವರು ಯಾರು? ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ, ಸದ್ದಿನಿಂದಲೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವ ಹಿರಿಯ ಮೆಕ್ಯಾನಿಕರು ಪ್ರತಿ ಊರಿನಲ್ಲಿಯೂ ಇದ್ದರು. ಅವರಲ್ಲಿ ಉಳಿದಿರುವವರು ಅರುವತ್ತು ದಾಟಿದ್ದಾರೆ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ; ಅದನ್ನು ಆಕ್ಷೇಪಿಸಲು ನಮಗೆ ಅಧಿಕಾರವಿಲ್ಲ. ಕೆಲಸಕ್ಕೆ ಬರುವ ಹುಡುಗರು ಸ್ಕ್ಯಾನರ್ ಜೋಡಿಸಿ ದೋಷದ ಸಂಕೇತ ಓದಲು ಬಲ್ಲರು. ಕಾರ್ಬುರೇಟರಿಗೆ ಸ್ಕ್ಯಾನರ್ ಜೋಡಿಸಲು ಜಾಗವೇ ಇಲ್ಲ.

ಇಲ್ಲಿ ಪಣಕ್ಕಿರುವುದು ಕೆಲವರ ಭಾನುವಾರದ ಸುತ್ತಾಟವಷ್ಟೇ ಅಲ್ಲ. ಷೀಟನ್ನು ಸುತ್ತಿಗೆಯಿಂದ ತಟ್ಟಿ ಮೂಲ ಆಕಾರಕ್ಕೆ ತರುವುದು, ಸೀಸದ ಬೆಸುಗೆ, ಸವೆದ ಭಾಗಕ್ಕೆ ಲೋಹ ತುಂಬಿ ಮತ್ತೆ ಕಡೆಯುವುದು: ಇವೆಲ್ಲ ಭಾಗ ಬದಲಿಸುವ ವಿದ್ಯೆಯಲ್ಲ, ಭಾಗವನ್ನು ಉಳಿಸುವ ವಿದ್ಯೆ. ಕೃಷಿ ಪಂಪು, ಅಕ್ಕಿ ಗಿರಣಿ, ಟ್ರಾಕ್ಟರುಗಳ ದುರಸ್ತಿಗೆ ಹಳ್ಳಿ-ಪಟ್ಟಣಗಳಲ್ಲಿ ಬೇಕಾಗಿರುವುದೂ ಇದೇ ವಿದ್ಯೆ. ಹಳೆಯ ಕಾರು ಅದನ್ನು ಜೀವಂತವಾಗಿಡುವ ಒಂದು ನೆಪ, ಮತ್ತು ಅದಕ್ಕೆ ತಕ್ಕ ಕೂಲಿ ಕೊಡಲು ಸಿದ್ಧವಿರುವ ಒಂದು ಪೇಟೆ.

ಏನು ಮಾಡಬಹುದು?

ಮೊದಲನೆಯದು, ಒಡೆಯರ ಒಗ್ಗೂಡುವಿಕೆ. ಬೀಡಿಂಗಿನ ಅಚ್ಚು ಮಾಡಿಸಲು ತಗಲುವ ವೆಚ್ಚ ಒಬ್ಬ ಒಡೆಯನಿಗೆ ಭಾರ, ಐವತ್ತು ಜನರಿಗೆ ಹಗುರ. ಒಂದೇ ಮಾದರಿಯ ಕಾರಿನವರು ಸೇರಿ ಬೇಕಾದ ಭಾಗಗಳ ಪಟ್ಟಿ ಮಾಡಿ, ಮುಂಗಡ ಹಣ ಕೂಡಿಸಿ ಬೇಡಿಕೆ ಕೊಟ್ಟರೆ ತಯಾರಕನ ಅಪಾಯವೂ ಇಳಿಯುತ್ತದೆ.

ಎರಡನೆಯದು, ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳು ಈ ಸಣ್ಣ ಪ್ರಮಾಣದ ತಯಾರಿಕೆಯತ್ತ ಗಮನ ಹರಿಸಬೇಕು. ಗಣಕ ನಿಯಂತ್ರಿತ ಯಂತ್ರಗಳಲ್ಲಿ ಹಳೆಯ ಭಾಗವನ್ನು ಅಳೆದು ನಕ್ಷೆ ಮಾಡಿಟ್ಟರೆ, ಹತ್ತು ಬೇಕಾದಾಗ ಹತ್ತು, ಇಪ್ಪತ್ತು ಬೇಕಾದಾಗ ಇಪ್ಪತ್ತು ತಯಾರಿಸಬಹುದು. ದೊಡ್ಡ ಕಂಪನಿಗಳ ಬೇಡಿಕೆ ಕುಸಿದ ತಿಂಗಳುಗಳಲ್ಲಿ ಯಂತ್ರ ಸುಮ್ಮನೆ ನಿಲ್ಲುವುದಕ್ಕಿಂತ ಇದು ಲೇಸಲ್ಲವೇ?

ಮೂರನೆಯದು, ಕಸುಬಿನ ಮಾನ್ಯತೆ. ಶಾಲೆಯ ಮೆಟ್ಟಿಲು ಹತ್ತದೆಯೂ ಕೆಲಸ ಬಲ್ಲವರಿಗೆ ಪ್ರಮಾಣಪತ್ರ ಕೊಡುವ ‘ಪೂರ್ವಕಲಿಕೆಯ ಮಾನ್ಯತೆ’ಯ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಹಿರಿಯ ಮೆಕ್ಯಾನಿಕರಿಗೆ ಇದನ್ನು ದೊರಕಿಸಿ, ಐ.ಟಿ.ಐ.ಗಳ ಮೋಟಾರು ವಾಹನ ಮೆಕ್ಯಾನಿಕ್ ವಿದ್ಯಾರ್ಥಿಗಳನ್ನು ಕೆಲವು ವಾರ ಅವರ ಬಳಿಗೆ ಕಳುಹಿಸುವ ಏರ್ಪಾಡನ್ನು ವಾಣಿಜ್ಯ ಸಂಸ್ಥೆಗಳು ಮುಂದೆ ನಿಂತು ಮಾಡಬಹುದು. ಹಿರಿಯರ ಗೌರವಧನಕ್ಕೆ ಹವ್ಯಾಸಿಗಳೇ ಕೈಜೋಡಿಸಿಯಾರು.

ನಾಲ್ಕನೆಯದು, ಸರ್ಕಾರಕ್ಕೆ ಒಂದು ಮನವಿ. ವರ್ಷಕ್ಕೆ ಎರಡು-ಮೂರು ಸಾವಿರ ಕಿ.ಮೀ. ಓಡುವ, ಚೆನ್ನಾಗಿ ನೋಡಿಕೊಂಡ ಕಾರನ್ನೂ, ದಿನವೂ ಹೊಗೆ ಕಾರುತ್ತ ಓಡುವ ವಾಹನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಇಪ್ಪತ್ತರಿಂದ ಐವತ್ತು ವರ್ಷದ ನಡುವಿನ ಕಾರುಗಳಿಗೆ, ತಪಾಸಣೆಯ ಫಲಿತಾಂಶ ಮತ್ತು ಓಡಿದ ದೂರವನ್ನು ಆಧರಿಸಿದ ಒಂದು ನಡುವಣ ವರ್ಗವನ್ನು ರೂಪಿಸುವುದು ಸಾಧ್ಯ. ಹೊಗೆಯ ಮಿತಿಯಲ್ಲಿ ರಿಯಾಯಿತಿ ಬೇಡ. ಶುಲ್ಕದಲ್ಲಿ ವಿವೇಚನೆ ಬೇಕು ಎಂಬುದಷ್ಟೇ ಕೋರಿಕೆ.

ಇಷ್ಟೆಲ್ಲ ಹೇಳಿದ ಮೇಲೆಯೂ, ಹಳೆಯ ಕಾರು ಇಟ್ಟುಕೊಳ್ಳುವುದು ಲಾಭದ ಬಾಬತ್ತೇ ಎಂದು ಕೇಳಿದರೆ ಒಡೆಯನಿಗೆ ಇಲ್ಲವೆಂದೇ ಉತ್ತರಿಸಬೇಕು. ಎಲ್ಲ ಕಾರನ್ನೂ ಉಳಿಸಬೇಕೆಂದೂ ಇಲ್ಲ. ಷಾಸಿಯೇ ತುಕ್ಕು ತಿಂದಿದ್ದರೆ, ವಾರಕ್ಕೊಮ್ಮೆ ಓಡಿಸುವಷ್ಟು ಪುರುಸೊತ್ತಿಲ್ಲದಿದ್ದರೆ, ನಿಲ್ಲಿಸಲು ಸೂರಿಲ್ಲದಿದ್ದರೆ, ನೋಡಿಕೊಳ್ಳುವವರ ಕೈಗೆ ಅದನ್ನು ಒಪ್ಪಿಸುವುದೇ ಆ ಕಾರಿಗೆ ತೋರುವ ಮರ್ಯಾದೆ. ಉಳಿಸಿಕೊಳ್ಳುವೆನೆಂದು ತೀರ್ಮಾನಿಸಿದವರು ಮಾತ್ರ ಈ ತಿಂಗಳೇ ಎರಡು ಕೆಲಸ ಮಾಡಲಿ: ಪೆಟ್ರೋಲಿನ ಹೋಸು ಬದಲಾಯಿಸಲಿ, ತಮ್ಮ ಹಿರಿಯ ಮೆಕ್ಯಾನಿಕನ ಪಕ್ಕದಲ್ಲಿ ಒಬ್ಬ ಹುಡುಗ ಕೆಲಸ ಕಲಿಯುತ್ತಿದ್ದಾನೆಯೇ ಎಂದು ವಿಚಾರಿಸಲಿ. ಮೊದಲನೆಯದು ಕಾರನ್ನು ಈ ವರ್ಷ ಕಾಪಾಡುತ್ತದೆ. ಎರಡನೆಯದು ಮುಂದಿನ ಇಪ್ಪತ್ತು ವರ್ಷ ಕಾಪಾಡುತ್ತದೆ.